ಹೊಂಗೆಯ ಬುಡಕ್ಕೆ ಹಾಲು

ಆ ಬೋರ್ಡು ಬರೆಸಿದವಳು ನಾನೇ. "ಪಾರ್ಕಿನ ಒಳಗೆ ಹಾಲು, ಅರಿಶಿನ, ಕುಂಕುಮ, ಬಳೆ, ನಿಂಬೆಹಣ್ಣು ಇತ್ಯಾದಿ ಹಾಕುವುದನ್ನು ನಿಷೇಧಿಸಲಾಗಿದೆ." ಹಳದಿ ತಗಡು, ಕಪ್ಪು ಅಕ್ಷರ, ಹೊಂಗೆಮರದ ಎದುರಿಗೇ ಎರಡು ಕಬ್ಬಿಣದ ಕಂಬದ ಮೇಲೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ದೆವ್ವ ಇಲ್ಲ, ಮಾಟ ಇಲ್ಲ, ಕಣ್ಣು ತಗಲುವುದಿಲ್ಲ ಎಂದು ಮೇಜು ಕುಟ್ಟಿ ಹೇಳಿದವಳು. ನಿವೃತ್ತಿಯಾದ ಮೇಲೆ ನಮ್ಮ ಪಾರ್ಕಿನ ಸಮಿತಿಗೆ ಕಾರ್ಯದರ್ಶಿಯಾದೆ. ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ, ಮತ್ತು ನನಗೆ ಬಾಯಿ ಜೋರು. ಅರ್ಹತೆ ಇಷ್ಟೇ.

ಅಮಾವಾಸ್ಯೆ ಬಂತೆಂದರೆ ಬೆಳಗ್ಗೆ ಹೊಂಗೆಯ ಬುಡದಲ್ಲಿ ಹಾಲು ಚೆಲ್ಲಿರುತ್ತಿತ್ತು. ಹೆಚ್ಚೇನಲ್ಲ, ಒಂದು ಲೋಟದಷ್ಟು. ವಾಕಿಂಗಿಗೆ ಬಂದವರು ಅದರ ಹತ್ತಿರ ಸುಳಿಯದೆ ಹುಲ್ಲಿನ ಮೇಲೆ ಇಳಿದು ಸುತ್ತಿ ಹೋಗುತ್ತಿದ್ದರು. ಯಾರು? ಗಟ್ಟಿಮುಟ್ಟಾದ ಗಂಡಸರು, ರಿಟೈರಾದ ಇಂಜಿನಿಯರುಗಳು, ಬ್ಯಾಂಕಿನವರು. ನನಗೆ ಮೈ ಉರಿಯುತ್ತಿತ್ತು. "ಹಾಲಿಗೆ ಹೆದರ್ಕೋತೀರಲ್ರೀ" ಎಂದು ಒಬ್ಬರನ್ನು ಕೇಳಿಯೇ ಬಿಟ್ಟೆ. "ನಾವೇನು ಹೆದರಲ್ಲ ಮೇಡಂ, ಮನೇಲಿ ಮೊಮ್ಮಕ್ಕಳಿದಾವೆ" ಎಂದರು. ಅದಕ್ಕೇ ಬೋರ್ಡು ಹಾಕಿಸಿದ್ದು. ಮುಂದಿನ ಅಮಾವಾಸ್ಯೆಗೆ ಬೋರ್ಡೂ ನಿಂತಿತ್ತು, ಹಾಲೂ ಬಿದ್ದಿತ್ತು.

ವಿದ್ಯಾರಣ್ಯಪುರಂನ ಕೊನೆಯ ಸಾಲುಗಳಲ್ಲಿರುವ ಈ ಪಾರ್ಕು ದೊಡ್ಡದಲ್ಲ. ಒಂದು ಸುತ್ತಿಗೆ ನನಗೆ ಐದು ನಿಮಿಷ, ಮಂಡಿ ನೋವಿದ್ದ ದಿನ ಏಳು. ನಾವು ಇಲ್ಲಿ ಮನೆ ಕಟ್ಟಿಕೊಂಡು ಬಂದಾಗ ನನಗೆ ಎಂಟು ವರ್ಷ. ಆಗ ಇದು ನಕ್ಷೆಯಲ್ಲಿ ಮಾತ್ರ ಪಾರ್ಕು. ಕಣ್ಣಿಗೆ ಕಾಣುತ್ತಿದ್ದದ್ದು ಲಂಟಾನದ ಪೊದೆ, ಅಲ್ಲಲ್ಲಿ ಎದ್ದ ಬಂಡೆ, ಬಂಡೆಯ ಮೇಲೆ ಒಣಗಲು ಹರವಿದ ಯಾರದೋ ಸೀರೆ. ಊರ ಕೊಳಚೆನೀರು ಬಿಡುತ್ತಿದ್ದ ಸೂಯೆಜ್ ಫಾರಮ್ಮಿನ ಕಡೆಯಿಂದ ಗಾಳಿ ತಿರುಗಿದರೆ ಅಮ್ಮ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದಳು. ಆಮೇಲೆ ಬಂಡೆ ಸಿಡಿಸಿ ನೆಲ ಸಮ ಮಾಡಿದರು, ಮುಳ್ಳುತಂತಿ ಎಳೆದರು, ಮಳೆಗಾಲದಲ್ಲಿ ಸಾಲಾಗಿ ಗಿಡ ನೆಟ್ಟರು. ತಂತಿಯ ಸಂದಿಯಿಂದ ಹಸುಗಳು ನುಗ್ಗಿ ಎಲ್ಲವನ್ನೂ ಮೇಯ್ದವು. ಉಳಿದದ್ದು ಈ ಹೊಂಗೆ ಒಂದೇ. ಅದಕ್ಕೆ ಅಮ್ಮ ಮುಳ್ಳು ಕಟ್ಟಿದ್ದಳು, ದಿನಕ್ಕೆರಡು ಸಲ ನೀರು ಹೊತ್ತು ಹಾಕುತ್ತಿದ್ದಳು. ನಾನೂ ಡಾಲ್ಡಾ ಡಬ್ಬದಲ್ಲಿ ನೀರು ಹೊತ್ತಿದ್ದೇನೆ. ಅಮ್ಮನಿಗೆ ಗಿಡ ಕಂಡರೆ ಆಸೆ ಎಂದುಕೊಂಡಿದ್ದೆ.

ನಂತರ ಕಾಂಪೌಂಡು ಬಂತು, ಗೇಟು ಬಂತು, ಬಾಯಿ ತೆರೆದುಕೊಂಡು ಕೂತ ಸಿಮೆಂಟಿನ ಮೊಲದ ಕಸದ ತೊಟ್ಟಿ ಬಂತು, ಉದ್ಘಾಟನೆಯ ದಿನ ಮಾತ್ರ ನೀರು ಚಿಮ್ಮಿದ ಕಾರಂಜಿ ಬಂತು. ಸುತ್ತ ಹಂಚಿನ ಮನೆಗಳೆಲ್ಲ ಮೂರಂತಸ್ತಾದವು. ಕೆಳಗೆ ಟ್ಯೂಷನ್ನು, ಬ್ಯೂಟಿ ಪಾರ್ಲರು, ಮೇಲೆ ಬಾಡಿಗೆಗೆ. ಈಗ ಪಾರ್ಕಿನಲ್ಲಿ ಇಂಟರ್‌ಲಾಕ್ ಹಾದಿ, ಹಸಿರು ಹಳದಿ ಬಣ್ಣದ ವ್ಯಾಯಾಮದ ಸಲಕರಣೆ. ಬೆಳಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ನಾಲ್ಕರಿಂದ ಎಂಟು. ಉಳಿದ ಹೊತ್ತು ಬೀಗ. ಆ ವೇಳಾಪಟ್ಟಿ ಮಾಡಿದವಳೂ ನಾನೇ.

ನಮ್ಮ ಮನೆ ಪಾರ್ಕಿಗೆ ಎದುರು, ರಸ್ತೆ ದಾಟಿದರೆ ಗೇಟು. ಇಡೀ ಸಾಲಿನಲ್ಲಿ ಬೆಳೆಯದೆ ಉಳಿದ ಮನೆ ನಮ್ಮದೊಂದೇ. ಅದರ ಎಡಕ್ಕೆ ಎಂಟು ಅಡಿ ಅಗಲದ ಖಾಲಿ ಜಾಗವಿದೆ. ನಿಯಮಕ್ಕೆ ಬೇಕಾದದ್ದಕ್ಕಿಂತ ದುಪ್ಪಟ್ಟು ಬಿಟ್ಟವರು ಅಪ್ಪ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ತಂದೆ ಅರಮನೆಯ ಕಚೇರಿಯಲ್ಲಿ ಲೆಕ್ಕ ಬರೆದವರು. ಸೈಟು ಸಿಕ್ಕಾಗ ಮುಖ್ಯರಸ್ತೆಯ ಮೂಲೆ ಸೈಟಿಗೆ ಬದಲಾಯಿಸಿಕೊಳ್ಳುವ ಅವಕಾಶವಿತ್ತಂತೆ. ಅಪ್ಪ ಬೇಡವೆಂದರು. ನೆಂಟರು ಬಂದಾಗಲೆಲ್ಲ ಆ ಮಾತೆತ್ತಿ ಕಿಚಾಯಿಸುತ್ತಿದ್ದರು, ಅಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಆ ಖಾಲಿ ಜಾಗದಲ್ಲಿ ನಾನು ಕಾರಿನ ಶೆಡ್ಡು ಹಾಕಿಸುವುದೆಂದು ಮೇಸ್ತ್ರಿಗೆ ಹೇಳಿಟ್ಟಿದ್ದೆ. ಅಪ್ಪ ಹೋಗಿ ಆರು ವರ್ಷವಾಗಿತ್ತು, ತಡೆಯುವವರು ಯಾರೂ ಇರಲಿಲ್ಲ.

ಹಾಲು ಹಾಕುವವರನ್ನು ಹಿಡಿಯಬೇಕೆಂದು ಆ ಆಷಾಢದ ಅಮಾವಾಸ್ಯೆಯಂದು ಗೇಟು ತೆಗೆಯುವ ಹೊತ್ತಿಗೇ ಹೋಗಿ, ಸ್ವೆಟರು ಹಾಕಿಕೊಂಡು, ಕಾರಂಜಿಯ ಹಿಂದಿನ ಬೆಂಚಿನ ಮೇಲೆ ಕೂತೆ. ಬೆಟ್ಟದ ಮೇಲೆ ಮೋಡ ಕೂತಿತ್ತು. ಸಿಕ್ಕವರಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕೋಲು ಊರುವ ಸದ್ದು ಕೇಳಿತು. ತಿರುಗಿ ನೋಡಿದರೆ ಅಮ್ಮ.

ಅಮ್ಮನಿಗೆ ಎಂಬತ್ತೈದು ದಾಟಿದೆ. ಆ ಹೊತ್ತಿನಲ್ಲಿ ಅವಳು ಸ್ನಾನ ಮುಗಿಸಿ ದೇವರ ಮುಂದೆ ಕೂತಿರುತ್ತಾಳೆ ಎಂದು ನಾನು ನಂಬಿದ್ದೆ. ಸೆರಗಿನ ಮರೆಯಲ್ಲಿ ಸ್ಟೀಲಿನ ಲೋಟ. ಬೋರ್ಡಿನ ಮುಂದೆ ಒಂದು ಗಳಿಗೆ ನಿಂತಳು, ಓದಿದಳು, ಪಕ್ಕದಿಂದ ಹೋಗಿ ಮರದ ಬುಡದಲ್ಲಿ ಬಗ್ಗಿದಳು. ನಾನು ಎದ್ದು ಹೋಗಿ ಅವಳ ಹಿಂದೆ ನಿಂತೆ.

"ಇದೇನಮ್ಮ?" ಎಂದೆ.

ಅಮ್ಮ ಬೆಚ್ಚಲಿಲ್ಲ. "ನೀನು ಹಾಕ್ಸಿರೋ ಬೋರ್ಡು ಓದಿದೀನಿ ಕಣೇ. ಅದಕ್ಕೇ ಸ್ವಲ್ಪಾನೇ ಹಾಕಿದೀನಿ" ಎಂದಳು.

ಅವಳನ್ನು ಬೆಂಚಿಗೆ ಕರೆತಂದು ಕೂರಿಸಿದೆ. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಮ್ಮ ಹೇಳಿದಳು: "ನಿನಗಿಂತ ಮುಂಚೆ ಒಂದಿತ್ತು. ಹೆಣ್ಣು. ಒಂಬತ್ತು ದಿನ ಇತ್ತು."

ನಾನು ಒಬ್ಬಳೇ ಮಗಳು, ಮೊದಲನೆಯವಳು ಎಂದುಕೊಂಡೇ ಅರವತ್ತೊಂದು ವರ್ಷ ಬದುಕಿದವಳು. ನಾಮಕರಣಕ್ಕೆ ಇನ್ನು ಮೂರು ದಿನವಿತ್ತಂತೆ. ಯಾವ ಹೆಸರಿಡಬೇಕೆಂದಿದ್ದಿರಿ ಎಂದು ಕೇಳಿದೆ. "ಮನಸಲ್ಲಿ ಇತ್ತೋ ಏನೋ. ಇಡೋಕೆ ಮುಂಚೆ ಆಡಬಾರದು ಅಂತ ನಿನ್ನ ಅಜ್ಜಿ ಹೇಳಿದ್ರು. ಆಡ್ಲಿಲ್ಲ. ಈಗ ಮರೆತೇಹೋಗಿದೆ" ಎಂದಳು. ಹಲ್ಲು ಬಾರದ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅವಕ್ಕೆ ತಿಥಿಯಿಲ್ಲ, ಪಿಂಡವಿಲ್ಲ, ಮನೆಯಲ್ಲಿ ಮಾತೂ ಇಲ್ಲ. ಆಡಿದರೆ ಹಿಂದೆ ಬರುವ ಮಕ್ಕಳಿಗೆ ತಗಲುತ್ತದೆ ಎಂದು ಅಜ್ಜಿ ಆಣೆ ಹಾಕಿಸಿದ್ದರಂತೆ. ಹೆಂಗಸರು ಆ ಕಡೆ ಹೋಗುವ ಹಾಗೂ ಇಲ್ಲ. ಅವರು ಆಗ ಇದ್ದ ಅಗ್ರಹಾರದ ಮನೆಯಿಂದ ಅಪ್ಪ ಒಬ್ಬರೇ, ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಊರ ಹೊರಗಿನ ಈ ಪೊದೆಗಳ ಬಯಲಿಗೆ ಬಂದರು. ಇಲ್ಲಿ ಗುಂಡಿ ತೋಡುವವನೊಬ್ಬನಿದ್ದ. ತಿರುಗಿ ಬಂದ ಅಪ್ಪ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಅಮ್ಮನಿದ್ದ ಕೋಣೆಯ ಕಡೆ ನೋಡದೆ ಒಳಗೆ ಹೋದರಂತೆ.

"ಎಲ್ಲಿ ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ. ಈ ಮನೆಗೆ ಬಂದ್ಮೇಲೆ ಒಂದಿನ ಜಗಲಿ ಮೇಲೆ ನಿಂತು ತೋರಿಸಿದ್ರು. ಅಗೋ, ಹೊಸದಾಗಿ ಹೊಂಗೆ ಸಸಿ ನೆಟ್ಟಿದಾರಲ್ಲ, ಅದರ ಕೆಳಗೇ ಅಂತ. ಅವತ್ತಿಂದ ಹಾಕ್ತಿದೀನಿ. ಅದು ಹಾಲು ಕುಡಿಯೋದು ಬಿಟ್ಟು ಬೇರೇನೂ ಕಲೀಲಿಲ್ಲ ನೋಡು."

ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಅಮ್ಮನನ್ನು ಅವಳ ಮಗುವಿನಿಂದ ದೂರ ಇಡಲು ನಾನು ತಗಡಿಗೆ ಬಣ್ಣ ಹೊಡೆಸಿದ್ದೆ. ಮಾರನೇ ದಿನವೇ ಕಂಬ ಕೀಳಿಸಿ, ಬೋರ್ಡಿಗೆ ತುಕ್ಕು ಹಿಡಿದಿತ್ತು ಎಂದು ಸಮಿತಿಗೆ ಸುಳ್ಳು ಹೇಳಿದೆ. ಆದರೆ ಬೋರ್ಡಿಗಿಂತ ದೊಡ್ಡ ಕೆಲಸವೊಂದನ್ನು ನಾನು ಅಷ್ಟರಲ್ಲಿ ಮಾಡಿಬಿಟ್ಟಿದ್ದೆ. ಹೊಂಗೆಯ ಬೇರು ಇಂಟರ್‌ಲಾಕ್ ಕಲ್ಲನ್ನು ಎತ್ತಿ ಹಾಕಿತ್ತು, ಒಬ್ಬರು ಎಡವಿ ಬಿದ್ದು ಕೈ ಮುರಿದುಕೊಂಡಿದ್ದರು. ಮರ ತೆಗೆಸಿ ಕೊಡಬೇಕೆಂದು ಎರಡು ಪುಟದ ಅರ್ಜಿ ಬರೆದು, ಮೂವತ್ತು ಮನೆ ಅಲೆದು ಸಹಿ ಹಾಕಿಸಿ ನಗರಪಾಲಿಕೆಗೆ ಕೊಟ್ಟಿದ್ದೆ. ಎಲ್ಲಕ್ಕಿಂತ ಮೇಲೆ ನನ್ನ ಸಹಿ. ಆ ಅರ್ಜಿಗೆ ಮಂಜೂರಾತಿ ಬಂದಿತ್ತು.

ಕಚೇರಿಗೆ ಓಡಿದೆ. ಮರ ಕಡಿಯಬಾರದೆಂದು ಇನ್ನೊಂದು ಅರ್ಜಿ ಕೊಟ್ಟೆ. ಅಲ್ಲಿದ್ದವರು ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, "ಮೇಡಂ, ಇದೂ ನಿಮ್ ಸೈನು, ಅದೂ ನಿಮ್ ಸೈನು. ಯಾವ್ದನ್ನ ಇಟ್ಕೊಳ್ಳೋಣ ಹೇಳಿ" ಎಂದರು. ತಪ್ಪು ಅವರದಲ್ಲ. ಕಾರಣ ಎಂಬ ಜಾಗದಲ್ಲಿ ನಾನು 'ಪರಿಸರ' ಎಂದು ಬರೆದಿದ್ದೆ. ನನ್ನ ಅಕ್ಕ ಅಲ್ಲಿದ್ದಾಳೆ ಎಂದು ಬರೆಯಲು ಅದರಲ್ಲಿ ಜಾಗವಿತ್ತು, ನನಗೆ ಧೈರ್ಯವಿರಲಿಲ್ಲ.

ಹೊಸ ಅರ್ಜಿ ತಿರಸ್ಕಾರವಾಗಿ ಮರ ಹೋಗುವುದು ಖಂಡಿತವಾದ ಮೇಲೆ ಬೇರೊಂದು ಹೆದರಿಕೆ ಹಿಡಿಯಿತು. ಬೇರು ಅಗೆದಾಗ ಏನಾದರೂ ಮೇಲೆ ಬಂದರೆ? ಅಮ್ಮನ ಕಣ್ಣೆದುರಿಗೆ? ಕೇಳಬಹುದಾದವರು ಒಬ್ಬರೇ ಇದ್ದರು. ನಮ್ಮ ಪಾರ್ಕಿನ ಕಸ ಗುಡಿಸುವ ಹೆಂಗಸು, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರಿರಬಹುದು. ಹಿಂದಿನ ಓಣಿಯಲ್ಲಿ ಮನೆ, ಬಾಗಿಲ ಮೇಲೆ ಬುದ್ಧನ ಪಟ. ಈ ಬಯಲಿನಲ್ಲಿ ಗುಂಡಿ ತೋಡುತ್ತಿದ್ದದ್ದು ಅವರ ತಂದೆ ಎಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಏನನ್ನೂ ಕೇಳಿದವರಲ್ಲ, ನಾನೂ ಸೇರಿದಂತೆ. ವರ್ಷಗಟ್ಟಲೆ ಅವರಿಗೆ ನಾನು ಹೇಳಿದ್ದು ಎಲೆ ಸರಿಯಾಗಿ ಗುಡಿಸಿ ಎಂಬುದೊಂದೇ.

ಮರದ ಕೆಳಗೆ ಕರೆದು, ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಪೊರಕೆ ಹಿಡಿದು ಕೇಳಿಸಿಕೊಂಡರು.

"ಈ ಮರದಡೀನಾ? ಇಲ್ಲೇನೂ ಇಲ್ಲ ಬುಡಿ ಟೀಚರಮ್ಮ. ಇಲ್ಲಿ ಆಗ ಬರೀ ಬಂಡೆ. ಗುದ್ಲಿ ಎಲ್ಲಿ ಇಳೀತದೆ? ಮಕ್ಕಳನ್ನ ಮಣ್ ಮಾಡ್ತಿದ್ದದ್ದು ಕೆಳಗಡೆ ಮೆತ್ತನ್ ಭೂಮೀಲಿ. ಈಗ ನಿಮ್ ಸಾಲು ಮನೆಗಳಿದಾವಲ್ಲ, ಅಲ್ಲಿ."

"ನಮ್ಮಪ್ಪ ಇಲ್ಲೇ ಅಂತ ತೋರಿಸಿದ್ರಂತೆ."

ಅವರು ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿಲ್ವಾ? ಗೊತ್ತಿದ್ದೇ ಅಂಗೇ ಬುಟ್ಟಿದೀರಿ ಅನ್ಕಂಡಿದ್ದೆ. ಸೈಟಿನ ಕಲ್ಲು ನೆಟ್ಟಾಗ ನಿಮ್ಮಪ್ಪಾರು ಬಂದಿದ್ರು. ನನ್ ಮಗೀನ ಎಲ್ಲಿ ಮಣ್ ಮಾಡ್ದೆ ತೋರ್ಸು ಅಂತ ನಮ್ಮಪ್ಪನ್ನ ಕರ್ಕಂಡೋದ್ರು. ನಾನೂ ಹಿಂದೇನೇ ಹೋಗಿದ್ದೆ. ನಾಯಿ ಕೆರೀದಂಗೆ ಗುಂಡಿ ಮೇಲೆ ಕಲ್ಲು ಪೇರಿಸ್ತಿದ್ರಲ್ಲ, ಆ ಕಲ್ಲಿನ ಗುರುತು ನಮ್ಮಪ್ಪಂಗಿತ್ತು. ತೋರಿಸ್ದ. ನಿಮ್ಮಪ್ಪಾರು ಅಲ್ಲೇ ಕುಕ್ಕರುಗಾಲಲ್ಲಿ ಕೂತ್ಕಂಡ್ಬುಟ್ರು. ಆಮೇಲೆ ಆ ಜಾಗದ ಸೈಟಿನ ಕಲ್ಲಿನ ನಂಬರು ನೋಡಿ ಬರ್ಕಂಡ್ರು. ಯಾರಿಗೂ ಹೇಳ್ಬೇಡ ಅಂದ್ರು."

"ಎಲ್ಲಿ?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅವರು ಪೊರಕೆಯನ್ನು ಕೆಳಗಿಟ್ಟು, ಬರಿಗೈಯಲ್ಲಿ ಕಾಂಪೌಂಡಿನಾಚೆ ತೋರಿಸಿದರು. ನಮ್ಮ ಮನೆಯ ಎಡಕ್ಕೆ, ಖಾಲಿ ಜಾಗ, ನನ್ನ ಕೋಣೆಯ ಕಿಟಕಿಯ ಕೆಳಗೆ.

ಅಪ್ಪ ನನಗೆ ಜೀವಮಾನದಲ್ಲಿ ಹೊಡೆದದ್ದು ಒಂದೇ ಸಲ. ಆ ಜಾಗದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆ. ಆಫೀಸಿನಿಂದ ಬಂದವರು ಸೈಕಲ್ಲನ್ನು ಗೇಟಿಗೆ ಒರಗಿಸಿ, ನೇರವಾಗಿ ಬಂದು ಕೆನ್ನೆಗೆ ಬಿಟ್ಟರು. ಯಾಕೆಂದು ಹೇಳಲಿಲ್ಲ. ಅವತ್ತು ಸಂಜೆ ಅವರೇ ಆ ಗೆರೆಗಳನ್ನು ಅಂಗೈಯಿಂದ ಅಳಿಸಿದ್ದನ್ನು ಕಿಟಕಿಯಿಂದ ನೋಡಿದ್ದೆ. ಬೆಳಗ್ಗೆ ಸ್ನಾನವಾದ ಮೇಲೆ ಒಂದು ಚೊಂಬು ನೀರು ಅಲ್ಲಿ ಚೆಲ್ಲಿಯೇ ಒಳಗೆ ಬರುತ್ತಿದ್ದರು. ಧೂಳು ಏಳದಿರಲಿ ಅಂತ, ಎನ್ನುತ್ತಿದ್ದರು. ಅಲ್ಲಿ ಕೋಣೆ ಬೇಡ, ಸೆಪ್ಟಿಕ್ ಟ್ಯಾಂಕು ಬೇಡ, ಬಟ್ಟೆ ಒಗೆಯುವ ಕಲ್ಲೂ ಬೇಡ. ಕೊನೆಗಾಲದಲ್ಲಿ ನಾನು ಶೆಡ್ಡಿನ ಮಾತೆತ್ತಿದರೆ, "ನಾನಿರೋತನಕ ಬೇಡಮ್ಮ" ಎಂದಿದ್ದರು. ಹಟಮಾರಿ ಮುದುಕ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿದ್ದೆ.

ಅಮ್ಮನಿಗೆ ಯಾಕೆ ಸುಳ್ಳು ಹೇಳಿದರು ಎಂಬುದನ್ನು ನಾನು ಊಹಿಸಬಲ್ಲೆ, ಅಷ್ಟೆ. ಗುಂಡಿಯ ಪಕ್ಕದಲ್ಲಿ ಮನೆ ಎಂದು ಗೊತ್ತಾದರೆ ಗೃಹಪ್ರವೇಶಕ್ಕೆ ಪುರೋಹಿತರು ಕಾಲಿಡುತ್ತಿರಲಿಲ್ಲ, ಅಜ್ಜಿ ನೀರು ಮುಟ್ಟುತ್ತಿರಲಿಲ್ಲ. ಬೇರೆಯವರಿಗೆ ಬಿಟ್ಟರೆ ಅವರು ಪಾಯ ಅಗೆಯುತ್ತಿದ್ದರು. ಆದ್ದರಿಂದ ಆ ನಂಬರಿನ ಸೈಟನ್ನೇ ಕೇಳಿ ತಾವಿಟ್ಟುಕೊಂಡರು, ಅಮ್ಮನಿಗೆ ಮರ ಕೊಟ್ಟರು. ಐವತ್ತು ವರ್ಷ ಗಂಡ ಇಲ್ಲಿ ನೀರು ಹಾಕಿದ್ದಾರೆ, ಹೆಂಡತಿ ಅಲ್ಲಿ ಹಾಲು ಹಾಕಿದ್ದಾಳೆ, ನಡುವೆ ಒಂದು ರಸ್ತೆ.

ಅಂದಿನಿಂದ ನನಗೆ ಆ ಕೋಣೆಯಲ್ಲಿ ಮೊದಲಿನಂತೆ ಮಲಗಲು ಆಗುತ್ತಿಲ್ಲ. ದೆವ್ವದ ಭಯವಲ್ಲ. ನನ್ನ ಪರೀಕ್ಷೆಯ ಓದು, ಜ್ವರ, ನನ್ನ ಜಗಳ, ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತದ್ದು, ಎಲ್ಲ ನಡೆದದ್ದು ಅವಳಿಂದ ಒಂದು ಮಾರು ದೂರದಲ್ಲಿ. ಗೋಡೆಯಾಚೆ ಯಾರೋ ಉಸಿರು ಹಿಡಿದು ಕೇಳಿಸಿಕೊಂಡಿದ್ದಾರೆ ಎಂದು ಅನ್ನಿಸುತ್ತದೆ, ನನ್ನ ವಿಜ್ಞಾನ ಏನೇ ಹೇಳಲಿ. ಬೀದಿಯಲ್ಲಿ ನಡೆಯುವಾಗಲೂ ಅಷ್ಟೇ. ಟ್ಯೂಷನ್ನಿನ ಮಕ್ಕಳು ಚಪ್ಪಲಿ ಬಿಡುವ ಮೆಟ್ಟಿಲು, ಪಾರ್ಲರಿನ ಗಾಜಿನ ಬಾಗಿಲು, ಕಾರುಗಳು ನಿಂತ ಪೋರ್ಟಿಕೋ. ಯಾವುದರ ಕೆಳಗೆ ಯಾರೋ, ಯಾವ ತಾಯಿಗೆ ಯಾವ ಮರ ತೋರಿಸಿದರೋ. ನಾನು ಮೇಸ್ತ್ರಿಗೆ ಫೋನು ಮಾಡಿ ಶೆಡ್ಡು ಬೇಡವೆಂದೆ.

ಮರ ಕಡಿದದ್ದು ಒಂದು ಗುರುವಾರ. ಗರಗಸದ ಸದ್ದು ನಮ್ಮ ಅಡುಗೆಮನೆಯವರೆಗೂ ಬಂತು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವಳು ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನಾನು ಸಂಜೆಯವರೆಗೂ ಪಾರ್ಕಿನಲ್ಲೇ ನಿಂತಿದ್ದೆ. ಬೊಡ್ಡೆ ಅಗೆದಾಗ ಬಂದದ್ದು ಸಿಡಿಸಿದ ಬಂಡೆಯ ಚೂರು, ಒಂದು ಮುರಿದ ಪೈಪು, ಹಾಲಿನ ಪ್ಯಾಕೆಟ್ಟಿನ ಕವರು. ಮನೆಗೆ ಬಂದಾಗ ಅಮ್ಮ ಕೇಳಿದಳು, "ಕೆಳಗೆ ಅಗೆದ್ರಾ?" ಅಗೆದರು ಎಂದೆ. "ಅದಕ್ಕೆ ಎಚ್ಚರ ಆಗಿರುತ್ತೆ" ಎಂದು ಎದ್ದು ಹೋಗಿ ಮಲಗಿದಳು. ಆಮೇಲೆ ಅವಳು ಊಟ ಮಾಡಿದ್ದು ಮೂರನೇ ದಿನ, ಅದೂ ಎರಡು ತುತ್ತು ಮಜ್ಜಿಗೆ ಅನ್ನ.

ನಿಜ ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆದೆ. ಹೇಳಿದರೆ ಐವತ್ತು ವರ್ಷದ ಹಾಲು ಬರೀ ಬಂಡೆಗೆ ಹೋಯಿತು ಎಂದು ಹೇಳಿದ ಹಾಗೆ. ನೀನು ಒಗ್ಗರಣೆ ಹಾಕಿದೆ, ಹಬ್ಬ ಮಾಡಿದೆ, ಅದು ಗೋಡೆಯಾಚೆ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು, ನೀನು ತಿರುಗಿ ನೋಡಲಿಲ್ಲ ಎಂದ ಹಾಗೆ. ಅಮ್ಮ ಅದನ್ನು ತಡೆದುಕೊಳ್ಳುವುದಿಲ್ಲ. ಅಪ್ಪನ ಸುಳ್ಳು ಎಷ್ಟು ಭಾರವಿತ್ತೆಂದು ನನ್ನ ಕೈಗೆ ಬಂದಾಗ ತಿಳಿಯಿತು.

ಅಪ್ಪನ ಹಾಗೆ ನಾನೂ ಒಂದು ಸುಳ್ಳು ಕಟ್ಟಿದೆ. ಪಾರ್ಕು ಗುಡಿಸುವ ಅವರೇ ಕಾಂಪೌಂಡಿನ ಮೂಲೆಯಲ್ಲಿ, ಹೊಂಗೆಕಾಯಿ ಬಿದ್ದು ತಾನಾಗಿ ಹುಟ್ಟಿದ್ದ ಒಂದು ಗೇಣುದ್ದದ ಸಸಿಯನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ತಂದರು. ನಮ್ಮ ಮನೆಯ ಪಕ್ಕಕ್ಕೆ ಬಂದು, ಕಿಟಕಿಯ ಮೂಲೆಯಿಂದ ಹೆಜ್ಜೆ ಎಣಿಸಿ ನಿಂತರು. "ಇಲ್ಲೇ ಕಣ್ರವ್ವ. ತಲೆ ಈ ಕಡೀಕೆ. ಆಳ ತೋಡದು ಬ್ಯಾಡ, ಮೇಲ್ಗಡೇನೇ ಇಡಾನ" ಎಂದರು. ಅವರು ಗುದ್ದಲಿ ಮುಟ್ಟಲಿಲ್ಲ, ಕೈಯಿಂದಲೇ ಮಣ್ಣು ಸರಿಸಿದರು. ನಾನೂ ಪಕ್ಕದಲ್ಲಿ ಕೂತು ಸರಿಸಿದೆ. ಒಳಗೆ ಬಂದು ಕಾಫಿ ಕುಡಿದು ಹೋಗಿ ಎಂದು ಅವರನ್ನು ನಾನು ಕರೆದದ್ದು ಅದೇ ಮೊದಲು. ಬಂದರು, ಅಮ್ಮನ ಎದುರು ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು, ಗುಂಡಿಯ ಮಾತೆತ್ತದೆ ಹೋದರು.

ಅಮಾವಾಸ್ಯೆಯ ಬೆಳಗ್ಗೆ ಅಮ್ಮನ ಕೈ ಹಿಡಿದು ಅಲ್ಲಿಗೆ ಕರೆತಂದೆ. ಮರದ ಬೀಜದಿಂದ ಹುಟ್ಟಿದ ಸಸಿ, ಅಲ್ಲಿಯ ಮಣ್ಣನ್ನೂ ತಂದು ಹಾಕಿದ್ದೇನೆ, ಇನ್ನು ಮೇಲೆ ನೀನು ರಸ್ತೆ ದಾಟಬೇಕಾಗಿಲ್ಲ ಎಂದೆ. ಅಮ್ಮ ಕೋಲಿನ ತುದಿಯಿಂದ ಸಸಿಯ ಸುತ್ತಲ ಮಣ್ಣನ್ನು ಮುಟ್ಟಿ ನೋಡಿದಳು.

"ಅಲ್ಲಿಂದ ಇಲ್ಲಿಗೆ ಬರೋಕೆ ಅದಕ್ಕೆ ಗೊತ್ತಾಗುತ್ತೇನೇ? ಕೂಸು ಅದು" ಎಂದಳು.

"ಗೊತ್ತಾಗುತ್ತೆ ಕಣಮ್ಮ. ದೂರ ಏನಿಲ್ಲ" ಎಂದೆ. ನನ್ನ ದನಿ ನನಗೇ ಅಪ್ಪನದರ ಹಾಗೆ ಕೇಳಿಸಿತು.

ಅಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ನಿಧಾನವಾಗಿ ಕೂತಳು. ಲೋಟದ ಹಾಲನ್ನು ಅಷ್ಟನ್ನೂ ಹಾಕಿದಳು, ಸ್ವಲ್ಪವೂ ಉಳಿಸಲಿಲ್ಲ. ಆಮೇಲೆ ಒದ್ದೆ ಮಣ್ಣಿನ ಮೇಲೆ ಅಂಗೈ ಇಟ್ಟು, ಹೊಸದಾಗಿ ಬಂದವರ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು. "ಬಾ ಮಗು. ಹೊಸ ಜಾಗ ಅಂತ ಗಾಬರಿ ಬೀಳಬೇಡ. ಇದು ನಮ್ಮ ಮನೆ ಕಣೇ. ಇದು ನಿನ್ನ ತಂಗಿ ಕೋಣೆ. ಆ ಕಡೆ ಅಡುಗೆಮನೆ. ಅಲ್ಲಿ ಜಗಲಿ ಇದೆಯಲ್ಲ, ನಿಮ್ಮಪ್ಪ ಕೂರ್ತಿದ್ರು."

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ನಮ್ಮೆಲ್ಲರಿಗಿಂತ ಮೊದಲು ಆ ನೆಲಕ್ಕೆ ಬಂದವಳಿಗೆ ಅಮ್ಮ ಮನೆ ತೋರಿಸುತ್ತಿದ್ದಳು.